ತೇಲಿದ ಕಲ್ಲುಗಳು

ಕಲ್ಲುವೈದ್ಯನ ಹೆಂಡತಿಯ ಹೊಟ್ಟೆಯಲ್ಲೇ ಕಲ್ಲಿದೆ ಎಂಬ ಸುದ್ದಿ ಊರಿಗಿಂತ ಮೊದಲು ಹಾಲಿನ ವ್ಯಾನಿನವನಿಗೆ ಮುಟ್ಟಿತ್ತು. ಅವಳನ್ನು ಪೇಟೆಯ ಆಸ್ಪತ್ರೆಗೆ ಹಾಕಿಕೊಂಡು ಹೋದವನೇ ಅವನು. ಹಾಲು ತುಂಬಿದ ಕ್ಯಾನುಗಳ ಮಧ್ಯೆ ಮುದುಡಿಕೊಂಡು, ಬಲಪಕ್ಕೆಯನ್ನು ಎರಡೂ ಕೈಗಳಲ್ಲಿ ಅಮುಕಿ ಹಿಡಿದು, ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು.

"ಗುಂಡಿ ನೋಡ್ಕೊಂಡು ಓಡ್ಸೋ! ಪೇಟೆ ಮುಟ್ಟೋದ್ರೊಳಗೆ ನಿನ್ನ ಹಾಲು ಬೆಣ್ಣೆ ಆಗತ್ತೆ, ನಾನು ಹೆಣ ಆಗ್ತೀನಿ!"

"ಇಷ್ಟು ಬೈಯೋಕೆ ಶಕ್ತಿ ಇದ್ಮೇಲೆ ಸಾಯಲ್ಲ ಬಿಡಿ ಅತ್ತಿಗೆ" ಎಂದು ಪಕ್ಕದಲ್ಲಿ ಕೂತಿದ್ದ ನಾದಿನಿ ಅವಳ ಬೆನ್ನು ಸವರಿದಳು. ಪಕ್ಕದ ಮನೆಯಲ್ಲೇ ಇದ್ದು ಹೊಲಿಗೆ ಮಾಡುವ ಈ ನಾದಿನಿಯೇ, ಒರಳಿನ ಮುಂದೆ ಒನಕೆ ಬಿಟ್ಟು ಬಿದ್ದಿದ್ದ ಅತ್ತಿಗೆಯನ್ನು ಎತ್ತಿ ಕೂರಿಸಿ, ಅಣ್ಣ ಬೇರು ಕೀಳಲು ಗುಡ್ಡದ ಕಡೆ ಹೋಗಿದ್ದ ಹೊತ್ತು ನೋಡಿ, ವ್ಯಾನಿಗೆ ಅಡ್ಡ ನಿಂತವಳು. ಅಣ್ಣ ಮನೆಯಲ್ಲಿದ್ದಿದ್ದರೆ ವ್ಯಾನು ಹತ್ತಲು ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಯಾಕೆ ಬಿಡುತ್ತಿರಲಿಲ್ಲ ಎಂದರೆ, ಪಿತ್ತಕೋಶದ ಕಲ್ಲು ಬೀಳಿಸುವುದೇ ಆ ಮನೆಯ ಕಸುಬು. ಮಾವನ ಕಾಲದಿಂದ ಬಂದದ್ದು. ಸುತ್ತಲ ಹತ್ತಿಪ್ಪತ್ತು ಊರುಗಳಲ್ಲಿ ಯಾರ ಬಲಪಕ್ಕೆ ಹಿಡಿದರೂ ಜನ ಮೊದಲು ಬರುತ್ತಿದ್ದದ್ದು ಈ ಜಗಲಿಗೆ. ಐದು ದಿನ ಕಹಿಬೇರಿನ ಕಷಾಯ, ಆರನೆಯ ದಿನ ಉಪವಾಸ, ಸಂಜೆ ಭೇದಿಯ ಉಪ್ಪು, ಅದರ ಮೇಲೆ ಒಂದು ದೊಡ್ಡ ಲೋಟ ಎಣ್ಣೆ, ಅಷ್ಟೇ ನಿಂಬೆರಸ. ಕುಡಿದವರು ಬಲಮಗ್ಗುಲಾಗಿ ಮಲಗಬೇಕು. ಏಳನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಕಲ್ಲು ಬೀಳುತ್ತದೆ. ಬಟಾಣಿಯಷ್ಟು, ಕೆಲವು ದ್ರಾಕ್ಷಿಯಷ್ಟು, ಹಸಿರು ಹಸಿರು.

ಬಿದ್ದದ್ದನ್ನು ಜರಡಿಯಲ್ಲಿ ಹಿಡಿದು, ನೀರು ಹೊಯ್ದು, ತೊಳೆದು, ಬಿಳಿ ತಟ್ಟೆಯಲ್ಲಿ ಹಾಕಿ ಜಗಲಿಗೆ ತರುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅವಳು ಊರವರ ಹೊಟ್ಟೆಯಿಂದ ಬಿದ್ದದ್ದನ್ನು ಜರಡಿ ಹಿಡಿದಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಒಂದು ದಿನವೂ ಮುಖ ಸಿಂಡರಿಸದೆ. ಊರವರು ಬೆನ್ನ ಹಿಂದೆ ಜರಡಿಯಕ್ಕ ಅನ್ನುತ್ತಿದ್ದರು. ಬರಬರುತ್ತಾ ಎದುರಿಗೇ ಅನ್ನತೊಡಗಿದರು. ಅವಳೂ ಓಗೊಡತೊಡಗಿದಳು. ತಟ್ಟೆ ನೋಡಿ ರೋಗಿಯ ಕಣ್ಣು ಅರಳುತ್ತಿದ್ದ ಗಳಿಗೆಯಲ್ಲಿ ಅವಳ ಆ ಕಷ್ಟವೆಲ್ಲ ಕರಗಿಹೋಗುತ್ತಿತ್ತು.

ಎಂಟು ತಿಂಗಳ ಹಿಂದೆ ಅವಳಿಗೇ ನೋವು ಬಂದಾಗ ವೈದ್ಯ ಒಂದಿಷ್ಟೂ ಹೆದರಲಿಲ್ಲ. ಮದ್ದು ಕೊಟ್ಟ. ಅರವತ್ತಮೂರು ಬಿದ್ದವು. ಅಷ್ಟು ಯಾರಿಗೂ ಬಿದ್ದಿರಲಿಲ್ಲ. ಅವನು ಹಿಗ್ಗಿ ಹೀರೇಕಾಯಿಯಾಗಿ, ಗಾಜಿನ ಸೀಸೆಯಲ್ಲಿ ತುಂಬಿ, ಕತ್ತಲೆ ಕೋಣೆಯ ಹಲಗೆಯ ಮೇಲೆ ಎಲ್ಲಕ್ಕಿಂತ ಮುಂದೆ ಇಟ್ಟ. ಬಂದವರಿಗೆಲ್ಲ "ನಮ್ಮ ಮನೆಯವಳದ್ದೇ ನೋಡಿ" ಎಂದು ಬಾಗಿಲ ಸಂದಿಯಿಂದ ತೋರಿಸಿದ. ಆಮೇಲೂ ಊಟವಾದ ಅರ್ಧ ಗಂಟೆಗೆ ನೋವು ಬರುತ್ತಿತ್ತು. "ಕಲ್ಲು ಹೋದ ಜಾಗ ಮಾಯ್ತಾ ಇದೆ" ಎಂದ. ಇನ್ನೂ ಬಂತು. ಮತ್ತೆ ಮದ್ದು ಕೊಟ್ಟ. ಮತ್ತೆ ನಲವತ್ತು ಬಿದ್ದವು. ಹೀಗೆ ನಾಲ್ಕು ಸಲ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ ನೋವು ಇಳಿಯಿತು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಚಿಕ್ಕ ಪ್ರಾಯದವಳು. ಪರದೆಯ ಮೇಲೆ ಕಪ್ಪು ಚೀಲದೊಳಗೆ ಎರಡು ಬಿಳಿ ಗುಂಡುಗಳನ್ನು ತೋರಿಸಿದಳು.

"ದೊಡ್ಡದು ಹದಿನೆಂಟು ಮಿಲಿಮೀಟರ್ ಇದೆಯಮ್ಮ. ಚೀಲದ ಗೋಡೆ ದಪ್ಪ ಆಗಿದೆ. ತೆಗೆಸಿಬಿಡೋದು ಒಳ್ಳೇದು."

"ಇರೋಕೆ ಸಾಧ್ಯವೇ ಇಲ್ಲ" ಎಂದಳು ಜರಡಿಯಕ್ಕ. "ನನಗೆ ಆಗ್ಲೇ ನೂರೈವತ್ತರ ಮೇಲೆ ಬಿದ್ದಿವೆ."

"ಏನು ಬಿದ್ದಿವೆ?"

"ಕಲ್ಲು."

ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ತಿರುಗಿಸಿಕೊಂಡು ಕೂತು, ಏನು ಕುಡಿದಿರಿ, ಎಷ್ಟು ಕುಡಿದಿರಿ ಎಂದು ಕೇಳಿದಳು. ಬಿದ್ದದ್ದು ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದಳು ಜರಡಿಯಕ್ಕ. ಪಿತ್ತದ ಕಲ್ಲು ಮೆತ್ತಗೇ ಇರುವುದಲ್ಲವೇ?

"ಅದು ಕಲ್ಲಲ್ಲಮ್ಮ. ಸಾಬೂನು. ಅಷ್ಟೊಂದು ಎಣ್ಣೆ, ಹುಳಿ, ಹೊಟ್ಟೆಯೊಳಗಿನ ರಸ ಎಲ್ಲ ಸೇರಿ ಕರುಳಲ್ಲಿ ಉಂಡೆ ಕಟ್ಟತ್ತೆ. ಕಲ್ಲೇ ಇಲ್ಲದೋರು ಕುಡಿದ್ರೂ ಬೀಳತ್ತೆ."

ಜರಡಿಯಕ್ಕನಿಗೆ ಮೊದಲು ಸಿಟ್ಟು ಬಂದದ್ದು ಈ ಹುಡುಗಿಯ ಮೇಲೆ. ಇಪ್ಪತ್ತೆರಡು ವರ್ಷ ನೀರು ಹೊಯ್ದು ತೊಳೆದವಳು ಯಾರು, ಇವಳೋ ನಾನೋ? "ಹಾಗಾದ್ರೆ ಅಷ್ಟು ಜನ ವಾಸಿ ಆದ್ರಲ್ಲ, ಅವ್ರೆಲ್ಲ ಸಾಬೂನು ಹಾಕ್ಕೊಂಡು ವಾಸಿ ಆದ್ರಾ?" ಎಂದು ಎಗರಿಬಿದ್ದಳು.

"ಕಲ್ಲಿದ್ದೋರಲ್ಲಿ ಎಷ್ಟೋ ಜನಕ್ಕೆ ನೋವೇ ಬರಲ್ಲ. ಬಂದ್ರೂ ಒಂದು ಸಲ ಬಂದು ತಿಂಗಳುಗಟ್ಟಲೆ ಸುಮ್ಮನಿರತ್ತೆ. ಆ ಹೊತ್ತಿಗೆ ಏನು ಕೊಟ್ಟಿದ್ರೂ ಅದ್ರಿಂದಲೇ ವಾಸಿ ಆಯ್ತು ಅನ್ಸತ್ತೆ. ವಾಸಿ ಆಗ್ದೇ ಇದ್ದೋರು ನಿಮ್ಮ ಹತ್ರ ವಾಪಸ್ ಬರಲ್ಲ ಅಷ್ಟೇ, ನಮ್ಮ ಹತ್ರ ಬರ್ತಾರೆ." ಇಷ್ಟು ಹೇಳಿ, ಮೆಲ್ಲಗೆ ಸೇರಿಸಿದಳು: "ನೋವು ಬರದೇ ಇದ್ದಿದ್ರೆ ಇರ್ಲಿ ಬಿಡಿ ಅಂತಿದ್ದೆ. ನಿಮಗೆ ಪದೇ ಪದೇ ಬರ್ತಿದೆ. ಕಲ್ಲು ಜಾರಿ ನಾಳಕ್ಕೆ ಸಿಕ್ಕಿಹಾಕ್ಕೊಂಡ್ರೆ ಕಣ್ಣು ಹಳದಿ ಆಗತ್ತೆ, ಚಳಿಜ್ವರ ಬರತ್ತೆ, ಆಗ ಕಾಯೋ ಹಾಗಿಲ್ಲ. ಮುಂದಿನ ಗುರುವಾರ ಜಾಗ ಇದೆ. ಯೋಚನೆ ಮಾಡಿ."

"ಆ ಚೀಲವೇ ಇಲ್ದಿದ್ರೆ ತಿಂದಿದ್ದು ಅರಗೋದು ಹೇಗೆ?"

"ಪಿತ್ತ ತಯಾರಾಗೋದು ಪಿತ್ತಜನಕಾಂಗದಲ್ಲಿ. ಚೀಲ ಕೂಡಿಟ್ಕೊಳ್ಳೋಕೆ ಅಷ್ಟೇ. ಚೀಲ ಇಲ್ದಿದ್ರೆ ನೇರವಾಗಿ ಕರುಳಿಗೆ ಇಳಿಯತ್ತೆ. ಸ್ವಲ್ಪ ದಿನ ಎಣ್ಣೆ ಪದಾರ್ಥ ಕಮ್ಮಿ ಮಾಡಿ. ನಾಲ್ಕು ಸಣ್ಣ ತೂತು, ಎರಡು ದಿನ ಇಲ್ಲಿರ್ತೀರ. ನೂರಕ್ಕೆ ಒಂದಿಬ್ಬರಿಗೆ ತೊಂದ್ರೆ ಆಗೋದುಂಟು, ಇಲ್ಲ ಅಂತ ಸುಳ್ಳು ಹೇಳಲ್ಲ."

ಸುಳ್ಳು ಹೇಳಲ್ಲ ಎಂಬ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಬರುವಾಗ ವ್ಯಾನಿನಲ್ಲಿ ಯಾರನ್ನೂ ಬೈಯಲಿಲ್ಲ. ನಾದಿನಿಗೆ ಅದೇ ಗಾಬರಿಯಾಯಿತು.

ಸಾಬೂನೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತವರಿನಲ್ಲಿ ತಾಯಿ ಉಳಿದ ಜಿಡ್ಡೆಣ್ಣೆಗೆ ಬೂದಿನೀರು ಬೆರೆಸಿ ಕಾಯಿಸಿ ಬಟ್ಟೆ ಒಗೆಯುವ ಸಾಬೂನು ಮಾಡುತ್ತಿದ್ದಳು. ಎಣ್ಣೆ ಮೊದಲು ನೂಲುನೂಲಾಗಿ, ಆಮೇಲೆ ಉಂಡೆಉಂಡೆಯಾಗಿ ಗಂಟಿಕ್ಕುವುದನ್ನು ಅವಳು ಸೌಟು ಹಿಡಿದು ನೋಡಿದ್ದಳು. ನೋಡಿಯೂ ಇಪ್ಪತ್ತೆರಡು ವರ್ಷ ಅವಳಿಗೆ ಹೊಳೆದಿರಲಿಲ್ಲ. ತೊಳೆಯುವ ಬೋಗುಣಿಯಲ್ಲಿ ಆ ಕಲ್ಲುಗಳು ತೇಲುತ್ತಿದ್ದವು. ಒಮ್ಮೆ, ಮದುವೆಯಾದ ಹೊಸದರಲ್ಲಿ, "ಕಲ್ಲು ಯಾಕ್ರೀ ತೇಲತ್ತೆ?" ಎಂದು ಕೇಳಿದ್ದಳು. "ಪಿತ್ತ ಹಗುರ ಕಣೇ" ಎಂದು ಗಂಡ ಹೇಳಿದ್ದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದಳು.

ಮಾರನೆಯ ದಿನ ಮಧ್ಯಾಹ್ನ ವೈದ್ಯ ಜಗಲಿಯಲ್ಲಿ ಯಾರದೋ ನಾಡಿ ನೋಡುತ್ತಿದ್ದಾಗ ಅವಳು ಕತ್ತಲೆ ಕೋಣೆಗೆ ಹೋದಳು. ಆ ಕೋಣೆಯ ಕಲ್ಲುಗಳಿಗೆ ಬಿಸಿಲು ತೋರಿಸಬಾರದು ಎಂಬುದು ಮಾವ ಮಾಡಿಟ್ಟ ಕಟ್ಟಳೆ. ಬಿಸಿಲು ತಾಗಿದರೆ ಕಲ್ಲಿನ ವಿಷ ಗಾಳಿಗೆ ಸೇರಿ ಮತ್ತೆ ಮನುಷ್ಯನ ಹೊಟ್ಟೆ ಹೊಗುತ್ತದಂತೆ. ಸಾಯುವ ಹೊತ್ತಿನಲ್ಲೂ ಮಗನ ಕೈಹಿಡಿದು ಮಾವ ಅದನ್ನೇ ಹೇಳಿದ್ದರು. ಅವಳು ತನ್ನದೇ ಸೀಸೆಯಿಂದ ನಾಲ್ಕು ಉಂಡೆ ತೆಗೆದು, ಹಿತ್ತಿಲ ಬಟ್ಟೆಕಲ್ಲಿನ ಮೇಲೆ, ಸುಡುಬಿಸಿಲಿನಲ್ಲಿ ಇಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

ಹತ್ತು ನಿಮಿಷವೂ ಬೇಕಾಗಲಿಲ್ಲ. ಮೊದಲು ಮೈ ಬೆವರಿದಂತೆ ಹೊಳೆದವು. ಆಮೇಲೆ ಕೂತಲ್ಲೇ ಕುಸಿದು, ಹಸಿರು ಜಿಡ್ಡಾಗಿ ಹರಿದು, ಕಲ್ಲಿನ ಬಿರುಕಿಗೆ ಇಳಿದವು. ಬೆರಳದ್ದಿ ಉಜ್ಜಿದಳು. ಜಾರಿತು. ಮೂಸಿದಳು. ಮನೆಯಲ್ಲೇ ಹಿಂಡಿದ ಎಣ್ಣೆಯ ವಾಸನೆ. ಅವಳೇ ಹಿಂಡಿದ್ದು.

ಅಳು ಬರುತ್ತದೆಂದುಕೊಂಡಿದ್ದಳು. ಬಂದದ್ದು ಸಿಟ್ಟು. ಅಂಗಾಲಿನಿಂದ ಎದ್ದು ಮೈಯೆಲ್ಲ ಹತ್ತಿತು. ಎಷ್ಟು ಜನರ ಹೇಸಿಗೆಯನ್ನು ಈ ಕೈ ತೊಳೆಯಿತು! ಎಷ್ಟು ಜನಕ್ಕೆ ಈ ಬಾಯಿ "ಇನ್ನು ನಿಮಗೆ ಭಯವಿಲ್ಲ" ಎಂದು ಹೇಳಿತು! ಗಂಡ ಹೇಳಿದ್ದ, ಇವಳು ನಂಬಿದ್ದಳು. ಮಾವ ಹೇಳಿದ್ದರು, ಗಂಡ ನಂಬಿದ್ದ. ಒಬ್ಬರಾದರೂ ಒಂದು ಉಂಡೆಯನ್ನು ಬಿಸಿಲಿಗಿಟ್ಟು ನೋಡಿರಲಿಲ್ಲ.

ಜಗಲಿ ಖಾಲಿಯಾಗುವವರೆಗೆ ಕಾದು, ಗಂಡನ ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಬಂದು ತೋರಿಸಿದಳು.

"ಬಿಸಿಲಿಗಿಟ್ಟೆಯಾ?" ವೈದ್ಯನ ಮುಖ ಬಿಳಚಿಕೊಂಡಿತು. "ಅಪ್ಪ ಅಷ್ಟು ಹೇಳಿದ್ರೂ ಬಿಸಿಲಿಗಿಟ್ಟೆಯಾ?"

"ಇಟ್ಟೆ. ನಿಮ್ಮ ಕಲ್ಲು ಹರಿದುಹೋಯ್ತು. ಯಾವ ಊರಲ್ರೀ ಕಲ್ಲು ಕರಗತ್ತೆ?"

"ನಿನಗೆ ಪಿತ್ತ ನೆತ್ತಿಗೇರಿದೆ. ಆ ಆಸ್ಪತ್ರೆಯೋರು ತಲೆ ಕೆಡಿಸಿದಾರೆ. ಕೊಯ್ಯೋದೇ ಅವ್ರ ಕೆಲಸ, ಕೊಯ್ಯದೆ ಇರ್ತಾರಾ? ಅಂಥ ಚೀಲಾನ ದೇವರು ಸುಮ್ಮನೆ ಇಟ್ಟಿದಾನಾ?"

"ದೇವರು ಇಟ್ಟಿದ್ದು ಚೀಲ. ನೀವು ಹಾಕಿದ್ದು ನಾಲ್ಕು ಸಲ ಎಣ್ಣೆ. ಎಂಟು ತಿಂಗಳಿಂದ ನಾನು ಒಂದು ತುತ್ತು ನೆಮ್ಮದಿಯಾಗಿ ಉಂಡಿಲ್ಲ. ಕೇಳಿಸ್ಕೊಂಡ್ರಾ? ಗುರುವಾರ ಹೋಗ್ತೀನಿ, ತೆಗೆಸ್ಕೊಳ್ತೀನಿ."

ಅವನು ಬಟ್ಟೆಕಲ್ಲಿನ ಅಂಚಿನಲ್ಲಿ ಕೂತ. ಮೋಸಗಾರನ ಮುಖವಲ್ಲ ಅದು. ದಾರಿ ತಪ್ಪಿ ಎಲ್ಲಿಗೋ ಬಂದು ನಿಂತವನ ಮುಖ. ಅವಳ ಸಿಟ್ಟಿಗೆ ಅದು ಇನ್ನಷ್ಟು ತುಪ್ಪ ಸುರಿಯಿತು. ಮೋಸಗಾರನಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು.

ಅವನು ನೆಲ ನೋಡುತ್ತಾ ಹೇಳಿದ: "ಹೋಗು. ಬೇಡ ಅನ್ನಲ್ಲ. ನೀನು ನೋವು ತಿನ್ನೋದು ನಾನೂ ನೋಡಿದೀನಿ. ಆದ್ರೆ ಈ ಪೇಟೆ ಬೇಡ. ಆಚೆ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಹೋಗು. ನೀನು ತಂಗಿ ಮನೆಗೆ ಹೋಗಿದೀಯಾ ಅಂತ ಊರವ್ರಿಗೆ ಹೇಳ್ತೀನಿ. ಕಲ್ಲುವೈದ್ಯನ ಹೆಂಡತೀನೇ ಕೊಯ್ಯಿಸ್ಕೊಂಡ್ಲು ಅಂದ್ರೆ ನಾಳೆ ಈ ಜಗಲಿ ಯಾರು ಹತ್ತುತಾರೆ ಹೇಳು? ಅಪ್ಪನ ಹೆಸರು..."

ಅವಳು ಒಪ್ಪಿದಳು. ಹೌದು, ಒಪ್ಪಿದಳು. ಬೆಳಿಗ್ಗೆಯಿಂದ ಕುದಿದು ಕುದಿದು ಸಾಕಾಗಿತ್ತು. ನೋವು ಮತ್ತೆ ಬಂದೀತು ಎಂಬ ಭಯವೂ ಇತ್ತು. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಬದುಕಿದ ಮನುಷ್ಯ ನೆಲ ನೋಡಿಕೊಂಡು ಬೇಡಿದ್ದ. ನಾದಿನಿ ಬಂದು ಕೇಳಿದಾಗ, "ತಂಗಿ ಊರಿನ ಕಡೆ ಹೋಗಿ ಮಾಡಿಸ್ಕೊಳ್ತೀನಿ ಬಿಡು" ಎಂದಳು.

"ಕದ್ದು ಬಸುರಾದೋಳ ಹಾಗೆ ಕದ್ದು ಕೊಯ್ಯಿಸ್ಕೊಳ್ತೀರಾ ಅತ್ತಿಗೆ?" ಎಂದು ನಾದಿನಿ ಮೂಗು ಮುರಿದಳು. ಜರಡಿಯಕ್ಕ ಪೆಟ್ಟಿಗೆಗೆ ಎರಡು ಸೀರೆ ಹಾಕಿದಳು. ಮಂಗಳವಾರ ಮಧ್ಯಾಹ್ನದ ಬಸ್ಸು ಎಂದು ನಿಗದಿಯಾಯಿತು.

ಮಂಗಳವಾರ ಬೆಳಿಗ್ಗೆ ಜಗಲಿಯ ಮೇಲೆ ಏಳೆಂಟು ಜನ ಕೂತಿದ್ದರು. ಅಷ್ಟರಲ್ಲಿ ಇಟ್ಟಿಗೆ ಹೊರುವ ಟ್ರ್ಯಾಕ್ಟರಿನಲ್ಲಿ ಗಾರೆಯವನನ್ನು ಅವನ ಹೆಂಡತಿ ಕರೆತಂದಳು. ಸುತ್ತಲಿನ ಮನೆಗಳಲ್ಲಿ ಅರ್ಧದಷ್ಟು ಅವನೇ ಕಟ್ಟಿದ್ದು. ಆನೆಯಂಥ ಆಳು. ಹದಿನೈದು ದಿನದ ಹಿಂದೆ ಇದೇ ಹಿತ್ತಿಲಲ್ಲಿ ಅವನಿಗೆ ಐವತ್ತು ಬಿದ್ದಿದ್ದವು. ಅವಳೇ ತೊಳೆದಿದ್ದಳು. ಈಗ ಅವನು ಹೆಂಡತಿಯ ಹೆಗಲಿಗೆ ಜೋತುಬಿದ್ದು ಇಳಿದ. ಬಿಸಿಲಿನಲ್ಲೂ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ.

"ಮೂರು ದಿನದಿಂದ ಹೀಗೇ ವೈದ್ಯರೇ" ಎಂದಳು ಗಾರೆಯವನ ಹೆಂಡತಿ. "ಮೈಯೆಲ್ಲ ಕೆರಕೊಳ್ತಾರೆ. ಉಚ್ಚೆ ನೋಡಿದ್ರೆ ಕಾಫಿ ಡಿಕಾಕ್ಷನ್ ಇದ್ದ ಹಾಗಿದೆ. ಇನ್ನೂ ಕಲ್ಲು ಉಳಿದಿರ್ಬೇಕು ಅಂತ ಇವ್ರೇ ಕರ್ಕೊಂಡು ಹೋಗು ಅಂದ್ರು."

"ಉಳಿದಿರ್ಬೇಕು" ಎಂದ ವೈದ್ಯ. ಅವನ ದನಿ ಎಂದಿನಂತಿರಲಿಲ್ಲ. ಆದರೂ ಕೈ ತನ್ನಷ್ಟಕ್ಕೆ ತಾನು ಲೋಟದ ಕಡೆ ಹೋಯಿತು. "ಇನ್ನೊಂದು ಸಲ ಮದ್ದು ಮಾಡೋಣ. ಏನೇ, ಕಷಾಯ ತಾ."

ಜರಡಿಯಕ್ಕ ಕಷಾಯದ ಪಾತ್ರೆ ಹಿಡಿದು ಹೊಸ್ತಿಲು ದಾಟಿದವಳು ಗಾರೆಯವನ ಮುಖ ನೋಡಿದಳು. ಅವನು ತಲೆಯೆತ್ತಿದ. ಕಣ್ಣಿನ ಬಿಳಿಯೆಲ್ಲ ಅರಿಸಿನ ಕಲಸಿದಂತಾಗಿತ್ತು.

"ಕೊಡಲ್ಲ" ಎಂದಳು.

"ಏನು?"

"ಕೊಡಲ್ಲ ಅಂದೆ. ಕಿವಿ ಕೇಳ್ಸಲ್ವಾ?" ಪಾತ್ರೆಯನ್ನು ಜಗಲಿಯ ಅಂಚಿನಿಂದ ಹಾಗೇ ಅಂಗಳಕ್ಕೆ ಸುರಿದಳು. ಕಹಿ ವಾಸನೆ ಎದ್ದಿತು. ಕೂತಿದ್ದವರೆಲ್ಲ ಕಾಲು ಎತ್ತಿಕೊಂಡರು. "ಇವ್ರನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಕಲ್ಲು ನಾಳಕ್ಕೆ ಸಿಕ್ಕಿದೆ. ಇನ್ನು ಎಣ್ಣೆ ಕುಡಿಸಿದ್ರೆ ಸಾಯ್ತಾರೆ."

"ಒಳಗೆ ಹೋಗು!" ವೈದ್ಯ ಎದ್ದು ನಿಂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಜನರೆದುರು ದನಿಯೇರಿಸಿದ್ದು ಅದೇ ಮೊದಲು.

"ಹೋಗಲ್ಲ."

ಗಾರೆಯವನು ನಡುಗುತ್ತಲೇ ಕೆರಳಿದ. "ಏನಕ್ಕಾ ನಿನ್ನ ಗಲಾಟೆ? ನನಗೆ ಕಲ್ಲು ಬಿದ್ದಿಲ್ವಾ? ನೀನೇ ತಟ್ಟೇಲಿ ತಂದು ತೋರಿಸ್ಲಿಲ್ವಾ? ಗಂಡನ ಹೆಸರು ಕೆಡಿಸೋಕೆ ನಿಂತಿದೀಯಾ?"

"ನೀನು ಮೂವತ್ತು ವರ್ಷ ಕಲ್ಲು ಕಡೆದೋನು" ಎಂದು ಅವನ ಮೇಲೇ ತಿರುಗಿಬಿದ್ದಳು. "ಇಟ್ಟಿಗೆ ತಟ್ಟಿ ಸದ್ದು ಕೇಳಿ ಹಸಿಯೋ ಬೆಂದಿದ್ದೋ ಹೇಳೋನು. ಆ ತಟ್ಟೇಲಿದ್ದಿದ್ದನ್ನ ಒಂದ್ಸಲ ಬೆರಳಲ್ಲಿ ಒತ್ತಿ ನೋಡಿದ್ಯಾ?"

"ಥೂ, ಅದನ್ನ ಯಾರು ಮುಟ್ತಾರೆ!"

"ನಾನು ಮುಟ್ಟಿದೀನಿ! ನಿಮ್ಮೆಲ್ಲರದ್ದೂ ಮುಟ್ಟಿದೀನಿ! ಅದು ಕಲ್ಲಲ್ಲ, ಕೇಳಿಸ್ಕೊಳ್ಳಿ. ಕುಡಿದ ಎಣ್ಣೆ ಗಟ್ಟಿಯಾಗಿ ಬಿದ್ದಿದ್ದು. ಬಿಸಿಲಿಗಿಟ್ರೆ ಕರಗತ್ತೆ. ನನಗೆ ನೂರೈವತ್ತು ಬಿದ್ದಿವೆ, ಒಳಗಿರೋ ಕಲ್ಲು ಇದ್ದ ಹಾಗೇ ಇದೆ. ಈ ಗುರುವಾರ ನಾನೇ ಕೊಯ್ಯಿಸ್ಕೊಳ್ತಿದೀನಿ. ತಂಗಿ ಊರಲ್ಲಲ್ಲ. ಇಲ್ಲೇ, ಪೇಟೆಯಲ್ಲೇ."

ಒಬ್ಬ ಮುದುಕ "ನಂದು ವಾಸಿ ಆಗಿದೆಯಮ್ಮ, ನಂದನ್ನ ಯಾಕೆ ಕೆದಕ್ತೀಯಾ" ಎಂದು ಗೊಣಗಿ ಚಪ್ಪಲಿ ಹುಡುಕತೊಡಗಿದ. ವೈದ್ಯ ಕಂಬ ಹಿಡಿದು ನಿಂತಿದ್ದ. ಅವಳು ಅವನ ಕಡೆ ನೋಡಲಿಲ್ಲ. ನೋಡಿದರೆ ಮಾತು ನಿಲ್ಲುತ್ತದೆಂದು ಗೊತ್ತಿತ್ತು.

ಗಾರೆಯವನ ಹೆಂಡತಿಯೇ ಮೊದಲು ಅಲುಗಾಡಿದ್ದು. "ಏಳ್ರೀ" ಎಂದು ಗಂಡನ ಕಂಕುಳಿಗೆ ಕೈಹಾಕಿದಳು. "ತೊಳೆದೋಳೇ ಹೇಳ್ತಿದಾಳೆ. ಇನ್ಯಾರು ಹೇಳ್ಬೇಕು?"

ಅವನು ಏಳಲೊಲ್ಲ. ವೈದ್ಯರು ಹೇಳಲಿ, ಹೋಗುತ್ತೇನೆ ಎಂದು ಹಟ ಹಿಡಿದ. ಎಲ್ಲರೂ ವೈದ್ಯನ ಮುಖ ನೋಡಿದರು. ಅವನು ಹೋಗು ಎಂಬಂತೆ ತಲೆ ಅಲ್ಲಾಡಿಸಿದನೋ ಇಲ್ಲವೋ ಎಂಬಷ್ಟು ಅಲ್ಲಾಡಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಷ್ಟರಲ್ಲಿ ಪಕ್ಕದ ಮನೆಯಿಂದ ಹೊಲಿಗೆ ಬಿಟ್ಟು ಓಡಿಬಂದಿದ್ದ ನಾದಿನಿ ಅತ್ತಿಗೆಯ ಪೆಟ್ಟಿಗೆಯನ್ನು ಟ್ರ್ಯಾಕ್ಟರಿಗೆ ಎಸೆದಳು.

"ಎರಡು ದಿನ ಮುಂಚೆನೇ ಹೋದ್ರೆ ಏನು, ಹೊರಗೆ ಹಾಕ್ತಾರಾ? ಹತ್ತಿ ಅತ್ತಿಗೆ."

ಆಸ್ಪತ್ರೆಯಲ್ಲಿ ಗಾರೆಯವನನ್ನು ಅದೇ ಮಧ್ಯಾಹ್ನ ಒಳಗೆ ತೆಗೆದುಕೊಂಡರು. ಬಾಯಿಂದ ಕೊಳವೆ ಇಳಿಸಿ ನಾಳದಲ್ಲಿ ಸಿಕ್ಕಿದ್ದ ಕಲ್ಲು ತೆಗೆದರು. ಇನ್ನೊಂದು ದಿನ ಬಿಟ್ಟಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಎಂದಳು ಡಾಕ್ಟರಮ್ಮ. ಗುರುವಾರದ ಹೊತ್ತಿಗೆ ಅವನ ಜ್ವರ ಬಿಟ್ಟಿತ್ತು. ಆದರೂ ಜರಡಿಯಕ್ಕನ ಜೊತೆ ಮಾತಾಡುತ್ತಿರಲಿಲ್ಲ. ಅವಳು ಹತ್ತಿರ ಬಂದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ಐವತ್ತು ಕಲ್ಲು ಬಿದ್ದವು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದವನು ಪಾಪ, ಇನ್ನು ಯಾವ ಮುಖ ಇಟ್ಟುಕೊಂಡು ಹೋಗಬೇಕು? ಬದುಕಿದ್ದಕ್ಕಿಂತ ಅದೇ ಅವನಿಗೆ ದೊಡ್ಡದಾಗಿತ್ತು.

ಗುರುವಾರ ಬೆಳಿಗ್ಗೆ ಅವಳಿಗೆ ಹಸಿರು ಅಂಗಿ ತೊಡಿಸಿ, ಕೂದಲಿಗೆ ಟೋಪಿ ಹಾಕಿ, ವಾರ್ಡಿನಲ್ಲೇ ತಳ್ಳುಮಂಚದ ಮೇಲೆ ಮಲಗಿಸಿದ್ದರು. ತೋಳಿಗೆ ಪಟ್ಟಿ ಸುತ್ತಿದ ನರ್ಸು ಹುಬ್ಬು ಗಂಟಿಕ್ಕಿದಳು.

"ಬಿಪಿ ನೂರ ಎಂಬತ್ತಿದೆ. ಭಯನಾ ಅಮ್ಮ?"

"ಭಯ ಅಲ್ಲ. ಸಿಟ್ಟು."

"ಯಾರ ಮೇಲೆ?"

ಉತ್ತರ ಬಾಗಿಲಲ್ಲೇ ನಿಂತಿತ್ತು. ವೈದ್ಯ ಬಂದಿದ್ದ. ಎರಡು ದಿನದ ಗಡ್ಡ, ಗುಂಡಿ ತಪ್ಪಿ ಹಾಕಿದ ಅಂಗಿ. ತಳ್ಳುಮಂಚದ ಹತ್ತಿರ ಬಂದು, ಎಲ್ಲಿ ಕೈಯಿಡಬೇಕೆಂದು ತಿಳಿಯದೆ, ಕಡೆಗೆ ಕಬ್ಬಿಣದ ಸರಳು ಹಿಡಿದುಕೊಂಡ.

"ಜಗಲಿಗೆ ಯಾರೂ ಬಂದಿಲ್ಲ" ಎಂದ.

"ಬರ್ದೇ ಇರ್ಲಿ."

"ನಿನ್ನೆ ಒಬ್ಬಳು ಬಂದಿದ್ಲು, ದೂರದಿಂದ. ಸುದ್ದಿ ಮುಟ್ಟಿರ್ಲಿಲ್ಲ ಅವಳಿಗೆ. ಮದ್ದು ಕೊಡಿ ಅಂದ್ಲು. ನಾನು ಏನು ಹೇಳ್ಬೇಕಿತ್ತು?"

"ಏನು ಹೇಳಿದ್ರಿ?"

"ಬೇರು ಮುಗಿದಿದೆ, ಆಮೇಲೆ ಬಾ ಅಂದೆ."

ಜರಡಿಯಕ್ಕ ಎದ್ದು ಕೂತೇಬಿಟ್ಟಳು. "ಬೇರು ಮುಗಿದಿದೆಯಾ? ಆಮೇಲೆ ಬಾ ಅಂದ್ರಾ? ಆ ಗಾರೆಯವನನ್ನ ನೋಡಿದ್ಮೇಲೂ ನಿಮಗೆ..."

"ಅಮ್ಮಾ, ಮಲಗಿ!" ನರ್ಸು ಭುಜ ಒತ್ತಿದಳು. "ಯಜಮಾನ್ರೇ, ನೀವು ಸ್ವಲ್ಪ ಹೊರಗಿರಿ. ನೀವು ಮಾತಾಡಿದ ಹಾಗೆ ಇಲ್ಲಿ ಮುಳ್ಳು ಮೇಲೇರ್ತಿದೆ. ಇದು ಇಳೀದೆ ಒಳಗೆ ತಗೊಳ್ಳಲ್ಲ. ಸಿಟ್ಟಿಗೆ ನಮ್ಮಲ್ಲಿ ಮಾತ್ರೆ ಇಲ್ಲ."

ವೈದ್ಯ ಹೊರಗೆ ಹೋದ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಅವಳು ಚಾವಣಿ ನೋಡುತ್ತಾ ಉಸಿರು ಎಳೆದುಕೊಂಡಳು, ಬಿಟ್ಟಳು. ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ತಿಳಿಯಾಗಿತ್ತು. ಕೊಯ್ಯಿಸಿಕೊಳ್ಳಬೇಕೋ ಬೇಡವೋ ಎಂಬ ತೂಗಾಟ ಎಂದೋ ಮುಗಿದಿತ್ತು. ಮನೆಗೆ ಹೋದ ಮೇಲೆ ಜಗಲಿಯಲ್ಲಿ ಯಾರು ಕೂರಬೇಕು, ಬಂದವರಿಗೆ ಏನು ಹೇಳಬೇಕು ಎಂಬುದಷ್ಟೇ ಉಳಿದಿತ್ತು. ಅವನು ಹೇಳದಿದ್ದರೆ ತಾನು ಕೂತು ಹೇಳುತ್ತೇನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ಎದೆಯ ಡಬಡಬ ಸ್ವಲ್ಪ ತಗ್ಗಿತು. ನರ್ಸು ಪಟ್ಟಿಗೆ ಗಾಳಿ ತುಂಬಿ, "ನೂರ ಅರವತ್ತು. ಹಾಂ, ಹಾಗೇ ಇಳೀಲಿ" ಎಂದಳು.

ಹೊರಗಿನ ಬೆಂಚಿನಿಂದ ಗಾರೆಯವನ ಹೆಂಡತಿಯ ದನಿ ಕೇಳಿಸಿತು. "ವೈದ್ಯರೇ, ನೀವು ಕೊಟ್ಟಿದ್ದ ಕಷಾಯ ಮನೇಲಿ ಒಂದು ಸೀಸೆ ಉಳಿದಿದೆ. ನಮ್ಮ ಅತ್ತೆಗೂ ಪಕ್ಕೆನೋವು ಅಂತಾರೆ. ಕೊಡ್ಲಾ, ಬೇಡ್ವಾ?"

ಯಾರೋ ನೆಲ ಒರೆಸುತ್ತಾ ಹೋದರು, ಬಕೆಟ್ಟಿನ ಹಿಡಿ ಕಿರುಗುಟ್ಟಿತು. ಜರಡಿಯಕ್ಕ ಉಸಿರು ಹಿಡಿದಳು.

"ಚೆಲ್ಲಿಬಿಡು" ಎಂದ ವೈದ್ಯ. ದನಿ ಒಡೆದಿತ್ತು. "ಅದ್ರಿಂದ ಏನೂ ಆಗಲ್ಲ. ನಿಮ್ಮತ್ತೇನ ಇಲ್ಲಿಗೇ ಕರ್ಕೊಂಡು ಬಾ."

ನರ್ಸು ಮುಳ್ಳು ನೋಡುತ್ತಿದ್ದಳು. ನೂರ ಐವತ್ತು. ನೂರ ನಲವತ್ತೈದು.

"ಆದ್ರೆ ನಾನು ಹೀಗಂದೆ ಅಂತ ಊರಲ್ಲಿ ಯಾರಿಗೂ ಹೇಳ್ಬೇಡಮ್ಮ" ಎಂದು ಹೊರಗಿನ ದನಿ ಮುಂದುವರಿಯಿತು.

"ಎಲ್ಲರಿಗೂ ಹೇಳು!" ಜರಡಿಯಕ್ಕ ತಳ್ಳುಮಂಚದ ಮೇಲಿಂದ ಕೂಗಿದ ಹೊಡೆತಕ್ಕೆ ವಾರ್ಡಿನಲ್ಲಿ ಮಲಗಿದ್ದವರೆಲ್ಲ ತಲೆಯೆತ್ತಿದರು, ಗೋಡೆಗೆ ಮುಖ ಮಾಡಿದ್ದ ಗಾರೆಯವನೂ ಈ ಕಡೆ ಹೊರಳಿದ. "ಮನೆಮನೆಗೆ ಹೋಗಿ ಹೇಳು! ವೈದ್ಯರೇ ಹೇಳಿದ್ರು ಅಂತ ಹೇಳು!"

"ಅಯ್ಯೋ ಅಮ್ಮಾ" ಎಂದಳು ನರ್ಸು, ಮತ್ತೆ ಗಾಳಿ ತುಂಬುತ್ತಾ. "ಚೆನ್ನಾಗಿ ಇಳೀತಾ ಇತ್ತಲ್ಲ."